ಲ್ಯಾಪ್‌ಟಾಪ್‌ನಿಂದ ಕಿವಿಯವರೆಗೆ: ಹೈ-ರೆಸ್ ಆಡಿಯೊ, ಡ್ಯಾಕ್ ಮತ್ತು ನಿಮ್ಮ ದುಡ್ಡು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತು ಹಾಡು ಕೇಳೋ ವಿಷಯ. ಕೇಳುಗರಿಂದ ಪದೇ ಪದೇ ಬರೋ ಪ್ರಶ್ನೆ ಒಂದಿದೆ: "ಲ್ಯಾಪ್‌ಟಾಪ್‌ಗೆ ಹೊರಗಡೆಯಿಂದ ಒಂದು ಡ್ಯಾಕ್ ಹಾಕಿಕೊಂಡು ಹೈ-ರೆಸ್ ಹಾಡು ಕೇಳಿದ್ರೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತಾ? ಎಷ್ಟು ದುಡ್ಡು ಹಾಕ್ಬೇಕು?"

ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ, ವಿವರ ಆಮೇಲೆ. ಹೊರಗಿನ ಡ್ಯಾಕ್‌ನಿಂದ ಉಪಯೋಗ ಇದೆ. ಆದರೆ ಜಾಹೀರಾತಿನಲ್ಲಿ ಹೇಳೋ ಕಾರಣಕ್ಕಲ್ಲ. ಪೆಟ್ಟಿಗೆಯ ಮೇಲೆ ಬರೆದಿರೋ 192, 384, 768 ಅನ್ನೋ ದೊಡ್ಡ ದೊಡ್ಡ ಸಂಖ್ಯೆಗಳಿಗೆ ದುಡ್ಡು ಕೊಡಬೇಡಿ. ಕೊಡೋದಾದ್ರೆ ಶುಚಿಯಾದ ಸದ್ದಿಗೆ ಕೊಡಿ, ಒಳ್ಳೆ ಹೆಡ್‌ಫೋನ್‌ಗೆ ಕೊಡಿ, ಚೆನ್ನಾಗಿ ಮಾಡಿದ ರೆಕಾರ್ಡಿಂಗ್‌ಗೆ ಕೊಡಿ. ಯಾಕೆ ಅಂತ ಈಗ ನೋಡೋಣ.

ಮೊದಲು ಡ್ಯಾಕ್ ಅಂದ್ರೇನು? ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಕಂಪ್ಯೂಟರ್ ಒಳಗೆ ಹಾಡು ಇರೋದು ಅಂಕಿಗಳ ರೂಪದಲ್ಲಿ. ಕಿವಿಗೆ ಬೇಕಾಗಿರೋದು ಗಾಳಿಯ ಅಲೆ. ಆ ಅಂಕಿಗಳನ್ನ ವಿದ್ಯುತ್ತಿನ ಏರಿಳಿತವಾಗಿ ಬದಲಾಯಿಸೋ ಚಿಪ್ಪೇ ಡ್ಯಾಕ್. ಆ ಏರಿಳಿತ ಹೆಡ್‌ಫೋನಿನ ಪರದೆಯನ್ನ ಅಲುಗಾಡಿಸಿದಾಗ ನಮಗೆ ಹಾಡು ಕೇಳಿಸುತ್ತೆ. ಅಂದ್ರೆ, ಡಿಜಿಟಲ್ ಹಾಡನ್ನ ಕೇಳಿಸೋ ಉಪಕರಣದ ಒಳಗೆ ಡ್ಯಾಕ್ ಇದ್ದೇ ಇರುತ್ತೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ, ಫೋನಿನಲ್ಲಿದೆ, ಬ್ಲೂಟೂತ್ ಇಯರ್‌ಬಡ್ಸ್ ಒಳಗೂ ಇದೆ. ಫೋನಿನ ಟೈಪ್-ಸಿ ತೂತಿಗೆ ಹಾಕಿ ಇಯರ್‌ಫೋನ್ ಸಿಕ್ಕಿಸ್ತೀವಲ್ಲ, ಆ ಪುಟ್ಟ ಕನೆಕ್ಟರ್, ಅದರೊಳಗೂ ಬಹಳಷ್ಟು ಸಲ ಒಂದು ಡ್ಯಾಕ್ ಇರುತ್ತೆ. ನಾವು "ಹೊರಗಿನ ಡ್ಯಾಕ್" ಅನ್ನೋದು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರ್‌ಗೆ ಸೇರಿಸೋ ಪ್ರತ್ಯೇಕ ಡಬ್ಬಿಗೆ.

ಇನ್ನು ಸಂಖ್ಯೆಗಳು. ಹಾಡಿನ ಫೈಲ್ ಜೊತೆ ಎರಡು ಸಂಖ್ಯೆ ಬರುತ್ತೆ. ಒಂದು, ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆದಿದ್ದಾರೆ ಅನ್ನೋದು. ಇದು ಸ್ಯಾಂಪಲ್ ರೇಟ್. ಇನ್ನೊಂದು, ಪ್ರತಿ ಅಳತೆಯನ್ನ ಎಷ್ಟು ಸೂಕ್ಷ್ಮವಾಗಿ ಬರೆದಿಟ್ಟಿದ್ದಾರೆ ಅನ್ನೋದು. ಇದು ಬಿಟ್ ಡೆಪ್ತ್. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆ, ಪ್ರತಿಯೊಂದೂ 16 ಬಿಟ್. ಇದಕ್ಕಿಂತ ಹೆಚ್ಚಿನದನ್ನ ಸಾಮಾನ್ಯವಾಗಿ ಹೈ-ರೆಸ್ ಅಂತಾರೆ. 24 ಬಿಟ್, 96 ಕಿಲೋಹರ್ಟ್ಸ್ ಅನ್ನೋದು ಹೆಚ್ಚು ಬಳಕೆಯಲ್ಲಿರೋದು. ಒಂದು ಗಂಟೆಯ ಸಿ.ಡಿ. ಗುಣಮಟ್ಟದ ಹಾಡು ಕುಗ್ಗಿಸದೇ ಇದ್ರೆ ಸುಮಾರು 635 ಎಂಬಿ ಆಗುತ್ತೆ. ಅದೇ ಒಂದು ಗಂಟೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಎರಡು ಜಿಬಿ ದಾಟುತ್ತೆ. ಫ್ಲ್ಯಾಕ್ ಅನ್ನೋ ಫಾರ್ಮ್ಯಾಟ್ ಇದನ್ನ ಗಣನೀಯವಾಗಿ ಚಿಕ್ಕದು ಮಾಡುತ್ತೆ, ಒಂದು ಬಿಟ್ಟೂ ಕಳೆಯದೆ.

ಇಲ್ಲೊಂದು ತಪ್ಪು ಕಲ್ಪನೆ ಬಹಳ ಬೇರೂರಿದೆ. ಜಾಹೀರಾತುಗಳಲ್ಲಿ ಚಿತ್ರ ನೋಡಿರ್ತೀರಿ: ಸಿ.ಡಿ. ಸದ್ದು ಮೆಟ್ಟಿಲು ಮೆಟ್ಟಿಲಾಗಿ, ಹೈ-ರೆಸ್ ಸದ್ದು ನುಣುಪಾದ ಅಲೆಯಾಗಿ. ಚಿತ್ರ ಚೆನ್ನಾಗಿದೆ, ಆದ್ರೆ ವಿಷಯ ಸರಿಯಿಲ್ಲ. ಡ್ಯಾಕ್‌ನಿಂದ ಹೊರಗೆ ಬರೋದು ಮೆಟ್ಟಿಲಲ್ಲ. ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶ್ಯಾನನ್ ಹೆಸರಿನಲ್ಲಿರೋ ಪ್ರಮೇಯ ಹೇಳೋದು ಇಷ್ಟೇ: ಒಂದು ಸದ್ದಿನಲ್ಲಿರೋ ಅತಿ ಹೆಚ್ಚಿನ ಕಂಪನಕ್ಕಿಂತ ಎರಡು ಪಟ್ಟು ಹೆಚ್ಚು ಸಲ ಅಳೆದುಬಿಟ್ರೆ ಸಾಕು, ಮೂಲ ಅಲೆಯನ್ನ ಪೂರ್ತಿಯಾಗಿ ಮತ್ತೆ ಕಟ್ಟಬಹುದು. ಅಂದಾಜಾಗಿ ಅಲ್ಲ, ಪೂರ್ತಿಯಾಗಿ. 44,100 ಸಲ ಅಳೆದ್ರೆ 22,050 ಹರ್ಟ್ಸ್‌ವರೆಗಿನ ಸದ್ದು ಬರುತ್ತೆ. ಮನುಷ್ಯರ ಕಿವಿಗೆ ಕೇಳಿಸೋದು ಹೆಚ್ಚೆಂದರೆ 20,000 ಹರ್ಟ್ಸ್. ಅದೂ ಎಳೆ ವಯಸ್ಸಿನಲ್ಲಿ. ನಲವತ್ತು ದಾಟಿದ ಬಹಳಷ್ಟು ಜನಕ್ಕೆ 15–16 ಸಾವಿರದ ಮೇಲೆ ಏನೂ ಕೇಳಿಸಲ್ಲ.

ಬಿಟ್ ವಿಷಯಕ್ಕೆ ಬರೋಣ. ಪ್ರತಿ ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಲೆಕ್ಕ ಹಾಕಿ. 16 ಬಿಟ್‌ಗೆ 96 ಡೆಸಿಬೆಲ್. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರು ಸದ್ದಿಗೂ ಇರೋ ಅಂತರ ಅದು. ಈಗ ನಿಮ್ಮ ಮನೆಯ ಕೋಣೆಯನ್ನ ನೆನಪಿಸಿಕೊಳ್ಳಿ. ಫ್ಯಾನು ತಿರುಗ್ತಿದೆ, ಹೊರಗೆ ರಸ್ತೆ, ಅಡುಗೆಮನೆಯಲ್ಲಿ ಫ್ರಿಜ್ಜು. ಏನೂ ಇಲ್ಲದ ರಾತ್ರಿಯಲ್ಲೂ ಕೋಣೆಯ ಸದ್ದು 30–35 ಡೆಸಿಬೆಲ್ ಇರುತ್ತೆ. ಅದರ ಮೇಲೆ 96 ಸೇರಿಸಿ. 130 ಡೆಸಿಬೆಲ್! ಅಷ್ಟು ಜೋರಾಗಿ ಕೇಳಿದ್ರೆ ಕಿವಿ ನೋಯುತ್ತೆ, ಹಾಡು ಅಲ್ಲ. 24 ಬಿಟ್‌ಗೆ ಲೆಕ್ಕದಲ್ಲಿ 144 ಡೆಸಿಬೆಲ್ ಬರುತ್ತೆ. ಆದರೆ ತುಂಬ ಒಳ್ಳೆ ಡ್ಯಾಕ್‌ಗಳೂ ವಾಸ್ತವದಲ್ಲಿ 120ರ ಆಸುಪಾಸಿನಲ್ಲಿರುತ್ತವೆ. ಅಂದ್ರೆ 20–21 ಬಿಟ್. ಇನ್ನು 32 ಬಿಟ್ ಅಂತ ಪೆಟ್ಟಿಗೆ ಮೇಲೆ ಬರೆದಿದ್ರೆ ಅದು ಚಿಪ್ ಒಳಗಿನ ಲೆಕ್ಕಾಚಾರಕ್ಕೆ ಸಂಬಂಧಪಟ್ಟಿದ್ದು, ನಿಮ್ಮ ಕಿವಿಗಲ್ಲ.

ಹಾಗಾದ್ರೆ 24 ಬಿಟ್ ಸುಮ್ಮನೆ ಮಾಡಿದ್ದಾ? ಖಂಡಿತ ಅಲ್ಲ. ಅದರ ನಿಜವಾದ ಜಾಗ ರೆಕಾರ್ಡಿಂಗ್. ಒಂದು ಕಚೇರಿ ರೆಕಾರ್ಡ್ ಮಾಡ್ತಿದ್ದೀರಿ ಅಂದುಕೊಳ್ಳಿ. ಆಲಾಪನೆ ಮೆಲ್ಲಗೆ ಶುರುವಾಗುತ್ತೆ. ಒಂದೂವರೆ ಗಂಟೆ ಆದ್ಮೇಲೆ ತನಿ ಆವರ್ತನದಲ್ಲಿ ಮೃದಂಗ ಎಷ್ಟು ಜೋರಾಗಿ ಏಳುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಮಟ್ಟ ಮೇಲಿಟ್ರೆ ಸದ್ದು ಒಡೆಯುತ್ತೆ, ಅದನ್ನ ಸರಿಮಾಡೋಕೆ ಆಗಲ್ಲ. 24 ಬಿಟ್ ಇದ್ರೆ ಧೈರ್ಯವಾಗಿ 18–20 ಡೆಸಿಬೆಲ್ ಕೆಳಗೆ ಇಟ್ಟು ರೆಕಾರ್ಡ್ ಮಾಡಬಹುದು. ಆಮೇಲೆ ಎತ್ತಿದ್ರೂ ಗೊರಗೊರ ಬರಲ್ಲ. ಅಡುಗೆ ಮಾಡೋವಾಗ ದೊಡ್ಡ ಪಾತ್ರೆ ಬೇಕು, ಉಕ್ಕಬಾರದಲ್ಲ. ಬಡಿಸೋವಾಗ ಚಿಕ್ಕ ಬಟ್ಟಲು ಸಾಕು. ರೆಕಾರ್ಡಿಂಗ್ ಅಡುಗೆ, ನಾವು ಕೇಳೋದು ಊಟ. ಅಷ್ಟೇ ವ್ಯತ್ಯಾಸ.

"ಲೆಕ್ಕ ಬಿಡಿ, ಕಿವಿ ಏನು ಹೇಳುತ್ತೆ?" ಅಂತ ಕೇಳಬಹುದು. ಅದನ್ನೂ ಪರೀಕ್ಷೆ ಮಾಡಿದ್ದಾರೆ. 2007ರಲ್ಲಿ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಅನ್ನೋರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಹೈ-ರೆಸ್ ಡಿಸ್ಕಿನ ಸದ್ದನ್ನ ನೇರವಾಗಿ ಒಂದು ಸಲ ಕೇಳಿಸೋದು, ಅದನ್ನೇ ನಡುವೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಇನ್ನೊಂದು ಸಲ ಕೇಳಿಸೋದು. ಯಾವುದು ಯಾವುದು ಅಂತ ಹೇಳಲ್ಲ. 554 ಸಲ ಕೇಳಿಸಿದಾಗ 276 ಸಲ ಸರಿ ಉತ್ತರ ಬಂತು. ಶೇ 49.8. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರೋದು.

ಇನ್ನೊಂದು ಕಡೆಯ ಮಾತೂ ಹೇಳಬೇಕು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಅದೇ ನಿಯತಕಾಲಿಕದಲ್ಲಿ ಇಂಥ 18 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರು. 12,500ಕ್ಕೂ ಹೆಚ್ಚು ಸಲ ಕೇಳಿಸಿದ ಫಲಿತಾಂಶ ಅದು. ಸರಿ ಉತ್ತರ ಶೇ 52.3. ಸಣ್ಣದಾದ್ರೂ ಇದು ಬರೀ ಅದೃಷ್ಟ ಅಲ್ಲ ಅನ್ನೋದು ಅವರ ತೀರ್ಮಾನ. ತರಬೇತಿ ಪಡೆದ ಕೇಳುಗರಲ್ಲಿ ಇದು ಗಣನೀಯವಾಗಿ ಹೆಚ್ಚು. ಹಾಗಾಗಿ "ವ್ಯತ್ಯಾಸವೇ ಇಲ್ಲ" ಅಂತ ನಾನು ಹೇಳಲ್ಲ. ಆದರೆ ಗಮನಿಸಿ, ಒಟ್ಟು ಲೆಕ್ಕದಲ್ಲಿ ವಾದ ನಡೀತಿರೋದು ಶೇ 50 ಮತ್ತು 52ರ ನಡುವೆ. "ಪರದೆ ಸರಿಸಿದ ಹಾಗಾಯ್ತು" ಅಂತ ವಿಮರ್ಶೆಗಳಲ್ಲಿ ಬರೀತಾರಲ್ಲ, ಅಂಥದ್ದೇನೂ ಇಲ್ಲಿ ಕಾಣಿಸಲ್ಲ.

ಹಾಗಿದ್ರೆ ಹೈ-ರೆಸ್ ಆವೃತ್ತಿ ಕೆಲವು ಸಲ ನಿಜವಾಗಿಯೂ ಚೆನ್ನಾಗಿ ಕೇಳಿಸೋದು ಯಾಕೆ? ಬಹಳಷ್ಟು ಸಲ ಅದು ಬೇರೆ ಮಾಸ್ಟರಿಂಗ್ ಆಗಿರುತ್ತೆ. ಅಂದ್ರೆ ಬಿಡುಗಡೆಗೆ ಮುಂಚೆ ಸದ್ದನ್ನ ಕೊನೆಯದಾಗಿ ಹದ ಮಾಡಿದ ರೀತಿಯೇ ಬೇರೆ. ಇದಕ್ಕೆ ಪ್ರಸಿದ್ಧ ಉದಾಹರಣೆ 2008ರಲ್ಲಿ ಬಂದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ. ಸಿ.ಡಿ.ಯಲ್ಲಿ ಸದ್ದನ್ನ ಎಷ್ಟು ಹಿಂಡಿ ಜೋರು ಮಾಡಿದ್ರು ಅಂದ್ರೆ ಅದು ಒಡೆದುಹೋಗಿತ್ತು. ಅದೇ ಹಾಡುಗಳು 'ಗಿಟಾರ್ ಹೀರೊ' ಅನ್ನೋ ವಿಡಿಯೊ ಗೇಮ್‌ನಲ್ಲಿ ಬಂದಾಗ ಅಷ್ಟು ಹಿಂಡಿರಲಿಲ್ಲ. ಅಭಿಮಾನಿಗಳು ಸಿ.ಡಿ. ಬಿಟ್ಟು ಗೇಮಿನ ಆವೃತ್ತಿಯನ್ನೇ ಹುಡುಕಿಕೊಂಡು ಹೋದ್ರು. ಅಲ್ಲಿ ಗೆದ್ದಿದ್ದು ಸ್ಯಾಂಪಲ್ ರೇಟ್ ಅಲ್ಲ, ಹದ.

ಹಳೇ ಕನ್ನಡ ಹಾಡುಗಳಿಗೂ ಇದೇ ಮಾತು. 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂದಿದ್ದು. ಕ್ಯಾಸೆಟ್ ಅನ್ನೋ ಮಾಧ್ಯಮದಲ್ಲಿ ಮೆಲ್ಲನೆಯ ಸದ್ದಿಗೂ ಜೋರು ಸದ್ದಿಗೂ ಇರೋ ಅಂತರವೇ 50–60 ಡೆಸಿಬೆಲ್. ಬಿಟ್ ಲೆಕ್ಕದಲ್ಲಿ ಹೇಳಿದ್ರೆ ಹತ್ತು ಬಿಟ್ಟಿನಷ್ಟು. ಮನೆಯ ಹಳೇ ಕ್ಯಾಸೆಟ್ಟಿನಿಂದ ನಕಲು ಮಾಡಿದ ಹಾಡನ್ನ 24 ಬಿಟ್, 192 ಕಿಲೋಹರ್ಟ್ಸ್ ಫೈಲಿಗೆ ತುಂಬಿದ್ರೆ ಏನಾಗುತ್ತೆ? ಒಂದು ಪಾವು ಅಕ್ಕಿಯನ್ನ ಕೊಳಗಕ್ಕೆ ಸುರಿದ್ರೂ ಅದು ಒಂದು ಪಾವೇ. ಹಾಡು ಹಳೇದಾದ್ರೆ ನೀವು ಕೇಳಬೇಕಾದ ಪ್ರಶ್ನೆ "ಎಷ್ಟು ಕಿಲೋಹರ್ಟ್ಸ್?" ಅಂತಲ್ಲ, "ಯಾವ ಟೇಪಿನಿಂದ ತೆಗೆದಿದ್ದು?" ಅಂತ. ಸ್ಟುಡಿಯೊದ ಮೂಲ ಟೇಪಿನಿಂದ ಶ್ರದ್ಧೆಯಿಂದ ತೆಗೆದ ಸಾಧಾರಣ ಸಿ.ಡಿ. ಗುಣಮಟ್ಟದ ಫೈಲು, ನಾಲ್ಕನೇ ನಕಲಿನಿಂದ ತೆಗೆದ ಹೈ-ರೆಸ್ ಫೈಲಿಗಿಂತ ಎಷ್ಟೋ ಮೇಲು.

ಸರಿ, ಈಗ ಡ್ಯಾಕ್‌ಗೆ ಬರೋಣ. ಇಷ್ಟೆಲ್ಲ ಹೇಳಿದ ಮೇಲೂ ಹೊರಗಿನ ಡ್ಯಾಕ್ ಉಪಯೋಗ ಇದೆ ಅಂದೆನಲ್ಲ, ಯಾಕೆ? ಎರಡು ಕಾರಣ.

ಮೊದಲನೇದು, ಲ್ಯಾಪ್‌ಟಾಪ್ ಒಳಗಿನ ಗಲಾಟೆ. ಅಲ್ಲಿ ಪ್ರೊಸೆಸರ್, ಫ್ಯಾನು, ವೈಫೈ, ಬ್ಯಾಟರಿ ಚಾರ್ಜ್ ಮಾಡೋ ಸರ್ಕ್ಯೂಟ್ ಎಲ್ಲ ಒಂದೇ ಬೋರ್ಡಿನ ಮೇಲೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಯರ್‌ಫೋನ್ ಹಾಕಿಕೊಂಡು, ಹಾಡು ನಿಲ್ಲಿಸಿ, ಮೌಸ್ ಅಲುಗಾಡಿಸಿ ನೋಡಿ. ಸಣ್ಣಗೆ ಕೀಚಲು ಸದ್ದು ಬರುತ್ತೆ. ಯಾವಾಗಲೂ ಒಂದು ಬುಸ್ ಅನ್ನೋ ಸದ್ದು ಹಿಂದೆ ಇರುತ್ತೆ. ತಂಬೂರಿಯ ನಾದ ನಿಧಾನಕ್ಕೆ ಕರಗೋ ಜಾಗದಲ್ಲಿ ಆ ಬುಸ್ ಕೇಳಿಸಿದ್ರೆ ರಸಭಂಗ. ಡ್ಯಾಕ್ ಹೊರಗಿದ್ರೆ ಈ ಗಲಾಟೆಯಿಂದ ದೂರ ಇರುತ್ತೆ.

ಎರಡನೇದು, ತಾಕತ್ತು. 300 ಓಮ್ಸ್ ಇರೋ ದೊಡ್ಡ ಹೆಡ್‌ಫೋನ್‌ಗೆ ಲ್ಯಾಪ್‌ಟಾಪ್ ಜ್ಯಾಕ್ ಕೊಡೋ ವೋಲ್ಟೇಜ್ ಸಾಲದೇ ಹೋಗಬಹುದು. ಸದ್ದು ಸಣ್ಣಗೆ ಬರುತ್ತೆ. ಜೊತೆಗೆ ಔಟ್‌ಪುಟ್ ಇಂಪೆಡೆನ್ಸ್ ಅಂತ ಒಂದಿದೆ. ಅದು ಹೆಡ್‌ಫೋನಿನ ಇಂಪೆಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಅನ್ನೋದು ರೂಢಿಯ ಲೆಕ್ಕ. ಹೆಚ್ಚಿದ್ರೆ ಕೆಲವು ಇಯರ್‌ಫೋನ್‌ಗಳಲ್ಲಿ ಸದ್ದಿನ ಬಣ್ಣವೇ ಬದಲಾಗುತ್ತೆ. ಒಳ್ಳೆ ಹೊರಗಿನ ಡ್ಯಾಕ್‌ನಲ್ಲಿ, ಅದರ ಜೊತೆಯಲ್ಲೇ ಬರೋ ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ, ಈ ಎರಡೂ ಸರಿಯಿರುತ್ತೆ.

ಇದಕ್ಕೆಲ್ಲ ಎಷ್ಟು ಖರ್ಚು? ಸಾಮಾನ್ಯ ಇಯರ್‌ಫೋನ್ ಆದ್ರೆ ಒಂದೆರಡು ಸಾವಿರ ರೂಪಾಯಿಯ ಬೆರಳುಗಾತ್ರದ ಯುಎಸ್‌ಬಿ ಡ್ಯಾಕ್ ಸಾಕು. ಆಪಲ್ ಕಂಪನಿಯ ಪುಟ್ಟ ಟೈಪ್-ಸಿ ಹೆಡ್‌ಫೋನ್ ಅಡಾಪ್ಟರ್ ನೋಡೋಕೆ ಬರೀ ವೈರ್ ತುಂಡಿನ ಹಾಗಿದೆ, ಆದ್ರೆ ಉಪಕರಣ ಇಟ್ಟು ಅಳೆದವರೆಲ್ಲ ಅದನ್ನ ಮೆಚ್ಚಿಕೊಂಡಿದ್ದಾರೆ. ಅದು 24 ಬಿಟ್, 48 ಕಿಲೋಹರ್ಟ್ಸ್‌ಗೆ ನಿಲ್ಲುತ್ತೆ, ಅಷ್ಟೇ. ದೊಡ್ಡ ಹೆಡ್‌ಫೋನ್ ಇದ್ದವರು ಎಂಟು ಹತ್ತು ಸಾವಿರಕ್ಕೆ ಹೋಗಬಹುದು. ಅದರ ಮೇಲೆ ಕೊಡೋ ದುಡ್ಡು ಹೆಚ್ಚಾಗಿ ಗುಂಡಿ, ಡಿಸ್ಪ್ಲೇ, ಲೋಹದ ಡಬ್ಬಿಗೆ. ಅವೂ ಬೇಡ ಅಂತ ನಾನು ಹೇಳಲ್ಲ, ಚೆಂದ ಇರುತ್ತೆ. ಆದರೆ ಚೆಂದಕ್ಕೆ ಕೊಡ್ತಿದ್ದೀನಿ ಅಂತ ಗೊತ್ತಿದ್ದು ಕೊಡಿ.

ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ, ಮೊದಲ ಕೆಲಸಕ್ಕೆ ಸೇರಿದವನು. ಮೂವತ್ತು ಚಿಲ್ಲರೆ ಸಾವಿರದ ಡ್ಯಾಕ್ ಕಂತಿನಲ್ಲಿ ತಗೊಂಡ. ಮನೆಗೆ ಹೋದಾಗ ತೋರಿಸಿದ. ಹೈ-ರೆಸ್ ಆಲ್ಬಂ ಹಾಕಿದ, ಡ್ಯಾಕ್‌ನ ಡಿಸ್ಪ್ಲೇಯಲ್ಲಿ 48 ಅಂತ ಬರ್ತಿತ್ತು. ಬೇರೆ ಆಲ್ಬಂ ಹಾಕಿದ, ಆಗಲೂ 48. ಯಾವುದು ಹಾಕಿದ್ರೂ 48. ಅವನು ಹಾಡು ಕೇಳ್ತಿದ್ದಿದ್ದು ಬ್ರೌಸರಿನಲ್ಲಿ. ವಿಂಡೋಸ್ ಎಲ್ಲವನ್ನೂ ತನ್ನ ಮಿಕ್ಸರ್‌ಗೆ ಹಾಕಿ, 48ಕ್ಕೆ ಬದಲಾಯಿಸಿ ಕಳಿಸ್ತಿತ್ತು. ಕಿವಿಗೆ ಹಾಕಿಕೊಂಡಿದ್ದು ಫೋನಿನ ಜೊತೆ ಬಂದಿದ್ದ ಇಯರ್‌ಫೋನ್. ಆರು ತಿಂಗಳಿಂದ ಅವನು ಹೈ-ರೆಸ್ ಅಂತ ಖುಷಿಪಟ್ಟಿದ್ದು ಹೈ-ರೆಸ್ ಆಗಿರಲೇ ಇಲ್ಲ. ಕಂತು ಮಾತ್ರ ಪೂರ್ತಿ ನಿಜ, ತಿಂಗಳು ತಿಂಗಳು ಕಟ್ಟಾಗ್ತಿತ್ತು.

ಇದು ಬಹಳ ಜನಕ್ಕೆ ಆಗ್ತಿರೋದು. ಹಾಗಾಗಿ ಡ್ಯಾಕ್ ಇದ್ದವರು ಮಾಡಬೇಕಾದ ಕೆಲಸ ಹೇಳ್ತೀನಿ. ಒಂದು ಪೈಸೆ ಖರ್ಚಿಲ್ಲ.

ವಿಂಡೋಸ್‌ನಲ್ಲಿ ಎಲ್ಲ ಆ್ಯಪ್‌ಗಳ ಸದ್ದೂ ಒಂದೇ ಮಿಕ್ಸರ್‌ಗೆ ಹೋಗುತ್ತೆ. ಹಾಡು, ಮೇಲ್ ಬಂದ ಟಿಂಗ್, ವಿಡಿಯೊ ಕರೆ ಎಲ್ಲ. ಅವೆಲ್ಲ ಒಟ್ಟಿಗೆ ಸೇರಬೇಕಾದ್ರೆ ಒಂದೇ ಸ್ಯಾಂಪಲ್ ರೇಟ್‌ಗೆ ಬರಲೇಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆಗೀರಿ, ನಿಮ್ಮ ಡ್ಯಾಕ್ ಆರಿಸಿ, ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ ಡಿಫಾಲ್ಟ್ ಫಾರ್ಮ್ಯಾಟ್ ಅಂತ ಇದೆ. ಆ ರೇಟು ಅದೇ. ಇದನ್ನ ದಾಟಿ ಹೋಗಬೇಕಾದ್ರೆ ಎಕ್ಸ್‌ಕ್ಲೂಸಿವ್ ಮೋಡ್ ಬೇಕು. ಫೂಬಾರ್2000 ಅನ್ನೋ ಉಚಿತ ಪ್ಲೇಯರ್‌ನಲ್ಲಿ ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಡ್ಯಾಕ್ ಹೆಸರಿನ ಜೊತೆ ಎಕ್ಸ್‌ಕ್ಲೂಸಿವ್ ಅಂತ ಇರೋದನ್ನ ಆರಿಸಿ. ಆಗ ಫೈಲಿನಲ್ಲಿರೋ ಅಂಕಿಗಳು ಹಾಗೇ ಡ್ಯಾಕ್‌ಗೆ ಹೋಗುತ್ತವೆ. ಹಾಡು 44.1 ಆದ್ರೆ ಡ್ಯಾಕ್ 44.1 ತೋರಿಸುತ್ತೆ, 96 ಆದ್ರೆ 96.

ಒಂದು ಎಚ್ಚರಿಕೆ. ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಕಂಪ್ಯೂಟರಿನ ವಾಲ್ಯೂಮ್ ಕೆಲವು ಸಲ ಕೆಲಸ ಮಾಡಲ್ಲ, ಸದ್ದು ಪೂರ್ತಿ ಮಟ್ಟದಲ್ಲಿ ಹೊರಗೆ ಬರುತ್ತೆ. ಮೊದಲು ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ, ಆಂಪ್ಲಿಫೈಯರ್ ಗುಂಡಿ ಕೆಳಕ್ಕೆ ಇಳಿಸಿ, ಆಮೇಲೆ ಪ್ಲೇ ಒತ್ತಿ.

ಮ್ಯಾಕ್ ಇದ್ದವರು ಆಡಿಯೊ ಮಿಡಿ ಸೆಟಪ್ ಅನ್ನೋ ಆ್ಯಪ್ ತೆಗೆದು ನೋಡಿ. ಹಾಡಿಗೆ ತಕ್ಕ ರೇಟನ್ನ ನೀವೇ ಅಲ್ಲಿ ಆರಿಸಬೇಕಾಗಬಹುದು. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ಶುಲ್ಕವಿಲ್ಲದೆ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಕೊಡ್ತಿದೆ. ಹಾಗಾಗಿ ತುಂಬ ಜನ ಮೊದಲ ಸಲ ಹೈ-ರೆಸ್ ಕೇಳೋದು ಅಲ್ಲೇ. ಲಿನಕ್ಸ್‌ನಲ್ಲಿ ಪೈಪ್‌ವೈರ್ ಸಾಮಾನ್ಯವಾಗಿ 48ಕ್ಕೆ ನಿಂತಿರುತ್ತೆ. ಅದರ ಸೆಟ್ಟಿಂಗ್ಸ್‌ನಲ್ಲಿ ಅನುಮತಿಸಿದ ರೇಟ್‌ಗಳ ಪಟ್ಟಿಗೆ 44.1, 96 ಸೇರಿಸಿದ್ರೆ ಹಾಡಿಗೆ ತಕ್ಕಂತೆ ಬದಲಾಗುತ್ತೆ. ಡ್ರೈವರ್ ತಲೆನೋವು ಈಗ ಕಡಿಮೆ. ವಿಂಡೋಸ್ 10ಕ್ಕೆ 2017ರಲ್ಲಿ ಬಂದ ಅಪ್‌ಡೇಟ್ ನಂತರ, ಹೊಸ ಯುಎಸ್‌ಬಿ ಆಡಿಯೊ ಮಾನದಂಡದ ಡ್ಯಾಕ್‌ಗಳು ಹೆಚ್ಚಾಗಿ ಹಾಗೇ ಸಿಕ್ಕಿಸಿದ್ರೆ ಸಾಕು, ಕೆಲಸ ಮಾಡುತ್ತವೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ವಿಂಡೋಸ್ 44.1ನ್ನ 48ಕ್ಕೆ ಬದಲಾಯಿಸಿದ್ದು ನಿಮ್ಮ ಕಿವಿಗೆ ಗೊತ್ತಾಗದೇ ಇರಬಹುದು. ಆ ಹುಡುಗನಿಗೂ ಗೊತ್ತಾಗಿರಲಿಲ್ಲವಲ್ಲ. ಆದರೆ ದುಡ್ಡು ಕೊಟ್ಟಿದ್ದೀರಿ, ಕೊಂಡಿದ್ದು ಕೈಗೆ ಬರ್ತಿದೆಯಾ ಅಂತ ನೋಡಿಕೊಳ್ಳೋದು ನ್ಯಾಯ.

ಬ್ಲೂಟೂತ್ ಬಗ್ಗೆ ಎರಡು ಮಾತು. ಹೆಡ್‌ಫೋನ್ ಪೆಟ್ಟಿಗೆ ಮೇಲೆ ಹೈ-ರೆಸ್ ವೈರ್‌ಲೆಸ್ ಅಂತ ಇದ್ರೂ, ಎಲ್‌ಡ್ಯಾಕ್‌ನಂಥ ವಿಧಾನ ಗರಿಷ್ಠ 990 ಕಿಲೋಬಿಟ್‌ನಲ್ಲಿ ಸದ್ದು ಕಳಿಸುತ್ತೆ. ಸಿ.ಡಿ.ಗೇ 1,411 ಬೇಕು. ಅಂದ್ರೆ ಏನನ್ನೋ ಬಿಟ್ಟೇ ಕಳಿಸ್ತಿದೆ. ಕೇಳೋಕೆ ಚೆನ್ನಾಗಿಯೇ ಇರುತ್ತೆ, ತೊಂದರೆಯಿಲ್ಲ. ಆದರೆ ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳೋವಾಗ ಹೊರಗಿನ ಯುಎಸ್‌ಬಿ ಡ್ಯಾಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಡ್ಯಾಕ್ ಹೆಡ್‌ಫೋನ್ ಒಳಗೇ ಇದೆ.

ಇನ್ನು ಗುಂಯ್ ಅನ್ನೋ ಸದ್ದು. ಡ್ಯಾಕ್‌ನ ಸ್ಪೀಕರಿಗೋ ಆಂಪ್ಲಿಫೈಯರಿಗೋ ಸೇರಿಸಿದ ಕೂಡಲೇ ಹಿಂದಿನಿಂದ ಗುಂಯ್ ಅಂತ ಬರುತ್ತೆ, ಡ್ಯಾಕ್ ಕೆಟ್ಟಿದೆ ಅಂತ ಜನ ವಾಪಸ್ ಕಳಿಸ್ತಾರೆ. ಕಳಿಸೋ ಮುಂಚೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು, ಬರೀ ಬ್ಯಾಟರಿಯಲ್ಲಿ ಕೇಳಿ. ಗುಂಯ್ ಹೋಯ್ತಾ? ಹಾಗಾದ್ರೆ ಬಹುಮಟ್ಟಿಗೆ ಡ್ಯಾಕ್ ತಪ್ಪಲ್ಲ, ಅರ್ಥಿಂಗ್ ವಿಷಯ. ಲ್ಯಾಪ್‌ಟಾಪ್ ಒಂದು ಸಾಕೆಟ್‌ನಲ್ಲಿ, ಸ್ಪೀಕರ್ ಇನ್ನೊಂದು ಸಾಕೆಟ್‌ನಲ್ಲಿ ಇದ್ದಾಗ ಎರಡರ ಅರ್ಥ್ ನಡುವೆ ಆಡಿಯೊ ಕೇಬಲ್ ಮೂಲಕವೇ ಕರೆಂಟ್ ಸುತ್ತೋಕೆ ಶುರುಮಾಡುತ್ತೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ರೆ, ಸೌಲಭ್ಯ ಇದ್ದರೆ ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹೋಗೋದು ಬೆಳಕು, ಕರೆಂಟ್ ಅಲ್ಲ. ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ: ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋದು. ಗುಂಯ್ ಹೋಗಬಹುದು, ಆದರೆ ಶಾಕ್‌ನಿಂದ ಕಾಪಾಡೋ ದಾರಿಯೂ ಅದರ ಜೊತೆ ಹೋಗುತ್ತೆ.

ಮಾರುಕಟ್ಟೆಯ ಒಂದು ಕಥೆಯನ್ನೂ ನೆನಪಿಡಿ. 2014ರಲ್ಲಿ ಎಂಕ್ಯೂಎ ಅನ್ನೋ ಹೊಸ ವಿಧಾನ ಬಂತು. ಸ್ಟುಡಿಯೊದಲ್ಲಿ ಕೇಳಿದ ಹಾಗೇ ಮನೆಯಲ್ಲಿ ಕೇಳಿಸುತ್ತೆ ಅಂತ ಹೇಳಿದ್ರು. ಅದನ್ನ ಪೂರ್ತಿ ಬಿಡಿಸೋಕೆ ಅದಕ್ಕೆಂದೇ ಪರವಾನಗಿ ಪಡೆದ ಡ್ಯಾಕ್ ಬೇಕಿತ್ತು. ಆ ಡ್ಯಾಕ್‌ಗಳಲ್ಲಿ ಒಂದು ಬಣ್ಣದ ದೀಪ ಹತ್ತುತ್ತಿತ್ತು, ಅಸಲಿ ಅನ್ನೋ ಗುರುತಿಗೆ. ಆದರೆ ಆ ವಿಧಾನ ಸದ್ದಿನ ಒಂದಷ್ಟು ಮಾಹಿತಿಯನ್ನ ಬಿಟ್ಟೇ ಕುಗ್ಗಿಸ್ತಿತ್ತು. 2023ರಲ್ಲಿ ಆ ಕಂಪನಿ ಆರ್ಥಿಕವಾಗಿ ಕುಸಿದು ಬೇರೆಯವರ ಪಾಲಾಯ್ತು. 2024ರಲ್ಲಿ ಟೈಡಲ್ ಸ್ಟ್ರೀಮಿಂಗ್ ಸೇವೆ ಅದನ್ನ ಕೈಬಿಟ್ಟು ಫ್ಲ್ಯಾಕ್‌ಗೆ ಬಂತು. ಉಚಿತ, ಯಾರು ಬೇಕಾದ್ರೂ ಬಳಸಬಹುದಾದ ಫ್ಲ್ಯಾಕ್ ಉಳೀತು. ದೀಪಕ್ಕೆ ದುಡ್ಡು ಕೊಟ್ಟವರ ಹತ್ರ ದೀಪ ಉಳೀತು.

ಯಾರ ಮಾತೂ ನಂಬಬೇಡಿ, ನನ್ನದನ್ನೂ ಸೇರಿಸಿ. ನೀವೇ ಪರೀಕ್ಷೆ ಮಾಡಿ. ಒಂದು ಒಳ್ಳೆ ಹೈ-ರೆಸ್ ಫೈಲ್ ತಗೊಳ್ಳಿ. ಅದೇ ಫೈಲನ್ನ 16 ಬಿಟ್, 44.1ಕ್ಕೆ ಇಳಿಸಿ. ಬೇರೆ ಕಡೆಯಿಂದ ಡೌನ್‌ಲೋಡ್ ಮಾಡಬೇಡಿ, ಮಾಸ್ಟರಿಂಗ್ ಬೇರೆ ಇರಬಹುದು. ಫೂಬಾರ್2000ಕ್ಕೆ ಎಬಿಎಕ್ಸ್ ಅನ್ನೋ ಉಚಿತ ಜೋಡಣೆ ಸಿಗುತ್ತೆ. ಅದು ಎರಡನ್ನೂ ಮರೆಮಾಡಿ ಕೇಳಿಸುತ್ತೆ, ನೀವು ಗುರುತಿಸಬೇಕು. 16 ಸಲ ಕೇಳಿ. 12 ಅಥವಾ ಹೆಚ್ಚು ಸಲ ಸರಿಯಾದ್ರೆ ಅದು ಬರೀ ಊಹೆಯಿಂದ ಬಂದಿರೋ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಎರಡು ಡ್ಯಾಕ್ ಹೋಲಿಸೋದಾದ್ರೆ ಸದ್ದಿನ ಮಟ್ಟವನ್ನ ಮೊದಲು ಸಮ ಮಾಡಿಕೊಳ್ಳಿ. ಕೂದಲೆಳೆಯಷ್ಟು ಜೋರಿದ್ರೂ ಕಿವಿ ಅದನ್ನೇ "ಚೆನ್ನಾಗಿದೆ" ಅನ್ನುತ್ತೆ. ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಜೋರಿನ ಮಾತು ಬಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಹೆಚ್ಚಾದ್ರೆ ಆ ಸಮಯ ಅರ್ಧ ಆಗುತ್ತೆ. 83ಕ್ಕೆ 20 ಗಂಟೆ, 89ಕ್ಕೆ 5 ಗಂಟೆ. ಶುಚಿಯಾದ ಸದ್ದಿನ ಅಪಾಯ ಏನಂದ್ರೆ ಅದು ಒಡೆಯಲ್ಲ, ಹಾಗಾಗಿ ಎಷ್ಟು ಏರಿಸಿದ್ವಿ ಅಂತ ಗೊತ್ತಾಗಲ್ಲ. ಡ್ಯಾಕ್ ಕೆಟ್ರೆ ಇನ್ನೊಂದು ತರಬಹುದು. ಕಿವಿಗೆ ಆ ಅನುಕೂಲ ಇಲ್ಲ.

ಕೊನೆಯದಾಗಿ, ಹೈ-ರೆಸ್ ನಿಜವಾಗಿಯೂ ನಿಮ್ಮ ಮನೆಗೆ ಬೇಕಾಗೋ ಒಂದು ಸಂದರ್ಭ. ಅಜ್ಜಿ ಹೇಳಿದ ಸೋಬಾನೆ ಪದ, ಅಪ್ಪನ ದನಿ, ಮದುವೆಯ ನಾಗಸ್ವರ, ಇಂಥ ಕ್ಯಾಸೆಟ್ ಬೀರುವಿನಲ್ಲಿ ಇದೆಯಾ? ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಅಂತ ಸಿಗುತ್ತೆ. ಅದರಲ್ಲಿ ಡ್ಯಾಕ್ ಜೊತೆ ಅದರ ಉಲ್ಟಾ ಕೆಲಸ ಮಾಡೋ, ಅಂದ್ರೆ ಸದ್ದನ್ನ ಅಂಕಿಯಾಗಿ ಬದಲಾಯಿಸೋ ಕನ್ವರ್ಟರ್ ಕೂಡ ಇರುತ್ತೆ. ಕ್ಯಾಸೆಟ್ ಪ್ಲೇಯರ್ ಅದಕ್ಕೆ ಸೇರಿಸಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್ಎ ಕನಿಷ್ಠ 24 ಬಿಟ್, 48 ಕಿಲೋಹರ್ಟ್ಸ್ ಇರಲಿ ಅನ್ನುತ್ತೆ. ಕ್ಯಾಸೆಟ್‌ನಲ್ಲಿರೋದೇ ಹತ್ತು ಬಿಟ್ಟಿನಷ್ಟು ಅಂದೆನಲ್ಲ, ಮತ್ತೆ ಇದು ಯಾಕೆ? ಇದು ಅಡುಗೆಯ ಪಾತ್ರೆ, ಬಟ್ಟಲಲ್ಲ. ಮುಂದೆ ಯಾರಾದರೂ ಗೊರಗೊರ ತೆಗೆದು ಸರಿಮಾಡಬೇಕಾದ್ರೆ ಜಾಗ ಬೇಕು. ಟೇಪು ವರ್ಷ ವರ್ಷ ಸವೀತಿದೆ, ಅದನ್ನ ನುಡಿಸೋ ಪ್ಲೇಯರ್‌ಗಳೂ ಕಡಿಮೆ ಆಗ್ತಿವೆ. ಅಂಗಡಿಯಲ್ಲಿರೋ ಡ್ಯಾಕ್ ಮುಂದಿನ ವರ್ಷವೂ ಸಿಗುತ್ತೆ, ಇನ್ನೂ ಅಗ್ಗಕ್ಕೆ. ಆ ದನಿಗಳು ಕಾಯಲ್ಲ. ಮೊದಲು ಅವನ್ನ ಉಳಿಸಿಕೊಳ್ಳಿ.

ನಿಮ್ಮ ಪರೀಕ್ಷೆಯಲ್ಲಿ 16ಕ್ಕೆ ಎಷ್ಟು ಬಂತು ಅಂತ ಬರೆದು ಕಳಿಸಿ. 12 ದಾಟಿದವರ ಅನುಭವವನ್ನ ಇನ್ನೊಂದು ಸಂಚಿಕೆಯಲ್ಲಿ ಕೇಳೋಣ, ನನಗೂ ಕುತೂಹಲ ಇದೆ. ಮುಂದಿನ ವಾರ ಮತ್ತೊಂದು ವಿಷಯದ ಜೊತೆ ಸಿಗ್ತೀನಿ. ಅಲ್ಲಿವರೆಗೆ ಚೆನ್ನಾಗಿ ಕೇಳಿ, ಸ್ವಲ್ಪ ಮೆಲ್ಲಗೆ ಕೇಳಿ.